ಬ್ರಹ್ಮಗಿರಿಯ ಕಿಂಡಿ

ರಾಂಪುರದಲ್ಲಿ ಬಸ್ಸಿಳಿದು ಆಟೋದವನಿಗೆ “ಬ್ರಹ್ಮಗಿರಿಯ ಗೋರಿಗಳ ಹತ್ತಿರ” ಎಂದರೆ ತಿಳಿಯಲಿಲ್ಲ. “ಅಶೋಕನ ಕಲ್ಲು” ಎಂದ ಕೂಡಲೇ ಹೊರಟ. ಮೊಳಕಾಲ್ಮೂರು ತಾಲ್ಲೂಕಿನ ಈ ಮೂಲೆಗೆ ಬರುವವರು ಹೆಚ್ಚಾಗಿ ಶಾಸನತಜ್ಞ ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದ ಆ ಶಾಸನವನ್ನು ನೋಡಿ, ಫೋಟೊ ತೆಗೆದು ಮರಳುತ್ತಾರೆ. ನಾನೂ ನೋಡಿದೆ. ಇಸಿಲ ಎಂಬ ಊರಿನ ಹೆಸರು ಅದರಲ್ಲಿದೆ. ಆದರೆ ನನ್ನ ಮನಸ್ಸೆಲ್ಲ ಕಬ್ಬಿಣ ಯುಗದ ಜನ ಕಲ್ಲಿನಿಂದ ಕಟ್ಟಿದ ಗೋರಿಗಳಿರುವ, ಬೆಟ್ಟದ ಬುಡದ ಬಯಲಿನಲ್ಲಿತ್ತು.

ಬಂಡೆಗಳ ಸೀಮೆಯಲ್ಲಿ ಗೋರಿಯ ಕಲ್ಲು ಯಾವುದು, ಬರೀ ಕಲ್ಲು ಯಾವುದು ಎಂದು ಗುರುತಿಸುವುದು ಸುಲಭವಲ್ಲ. ಅರ್ಧ ಗಂಟೆ ಅಲೆದೆ. ಕುರಿ ಮೇಯಿಸುತ್ತಿದ್ದ ಅಜ್ಜನೊಬ್ಬ ಕೋಲು ಚಾಚಿ, “ಅಲ್ಲಿ ದುಂಡಗೆ ಇಟ್ಟಿದ್ದಾರಲ್ಲ, ಅದು” ಎಂದ. ಆಮೇಲೆ ಕಂಡದ್ದೆಲ್ಲ ದುಂಡಗೇ ಕಂಡಿತು.

ದುಂಡು ಸಾಲಿನ ನಡುವೆ ಮಣ್ಣಿನಿಂದ ತಲೆಯೆತ್ತಿದ ಗ್ರಾನೈಟ್ ಚಪ್ಪಡಿಗಳು. ಕಟ್ಟಿದವರ ಜಾಣತನ ನಾಲ್ಕು ಮೂಲೆಗಳಲ್ಲಿದೆ. ಒಂದೊಂದು ಚಪ್ಪಡಿಯ ತುದಿಯೂ ಪಕ್ಕದ್ದನ್ನು ದಾಟಿ ಚಾಚಿಕೊಂಡಿದೆ. ಮೇಲಿನಿಂದ ನೋಡಿದರೆ ಸ್ವಸ್ತಿಕ. ಹೊರಗಿನ ಮಣ್ಣು ಒತ್ತಿದಷ್ಟೂ ಕಲ್ಲುಗಳು ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಗಾರೆಯಿಲ್ಲ, ಮೊಳೆಯಿಲ್ಲ. ಪೂರ್ವದ ಚಪ್ಪಡಿಯಲ್ಲಿ ದುಂಡನೆಯ ಕಿಂಡಿ ಕೊರೆದು, ಅದರ ಮುಂದೆ ಚಿಕ್ಕ ಕಲ್ಲುಗಳ ಇಕ್ಕಟ್ಟಾದ ಹಾದಿ ಮಾಡುತ್ತಿದ್ದರು. ನನ್ನೆದುರಿನದರಲ್ಲಿ ಕಿಂಡಿಯ ಕೆಳಗಿನ ಅರ್ಧವಷ್ಟೇ ಉಳಿದಿತ್ತು. ಅಂಚನ್ನು ಬೆರಳಿನಿಂದ ಸವರಿದೆ. ಅಷ್ಟೊಂದು ನಯವನ್ನು ನಾನು ನಿರೀಕ್ಷಿಸಿರಲಿಲ್ಲ.

ಇಲ್ಲಿ ಮೊದಲು ಅಗೆದವರು ಮೈಸೂರು ಸಂಸ್ಥಾನದ ಎಂ.ಎಚ್. ಕೃಷ್ಣ. 1947ರಲ್ಲಿ, ಆಗ ಭಾರತದ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಮಾರ್ಟಿಮರ್ ವೀಲರ್ ಬಂದು ಹತ್ತು ಗೋರಿಗಳನ್ನು ಬಿಚ್ಚಿದರು. ಆರು ಇಂಥ ಕಲ್ಲುಕೋಣೆಗಳು, ನಾಲ್ಕು ಬರೀ ಕಲ್ಲುವೃತ್ತದೊಳಗಿನ ಗುಂಡಿಗಳು. ಕೋಣೆಗಳಲ್ಲಿ ಕಪ್ಪು-ಕೆಂಪು ಮಡಕೆಗಳು, ಕಬ್ಬಿಣದ ಆಯುಧಗಳು, ಒಬ್ಬರಿಗಿಂತ ಹೆಚ್ಚು ಜನರ ಬಿಡಿ ಮೂಳೆಗಳು. ಹೆಣವನ್ನು ಮೊದಲು ಗುಂಡಿಯಲ್ಲಿ ತೆರೆದಿಟ್ಟು, ಉಳಿದ ಮೂಳೆಗಳನ್ನು ಆಯ್ದು ಕೋಣೆಗೆ ತಂದಿರಬಹುದು ಎಂದು ವೀಲರ್ ಊಹಿಸಿದರು. ಕಿಂಡಿ ಅಷ್ಟು ಚಿಕ್ಕದೇಕೆ ಎಂಬ ನನ್ನ ಪ್ರಶ್ನೆಗೆ ಈ ಊಹೆ ಚೆನ್ನಾಗಿಯೇ ಒಪ್ಪಿತು.

ಅವರು ಎಡವಿದ್ದು ಕಾಲದ ಲೆಕ್ಕದಲ್ಲಿ. ಪಕ್ಕದ ಜನವಸತಿಯನ್ನೂ ಅಗೆದು, ಪುದುಚೇರಿ ಬಳಿಯ ಹಳೆಯ ಬಂದರು ಅರಿಕಮೇಡುವಿನಲ್ಲಿ ಕಾಲ ಗೊತ್ತಾಗಿದ್ದ ಮಡಕೆಗಳಿಂದ ಮಣ್ಣಿನ ಪದರಗಳನ್ನು ಕೆಳಮುಖವಾಗಿ ಎಣಿಸುತ್ತ, ಗೋರಿ ಕಟ್ಟಿದವರು ಕ್ರಿ.ಪೂ. 200ರ ಸುಮಾರಿಗೆ ಬಂದರೆಂದರು. ಅಂದರೆ ಅಶೋಕನ ನಂತರ! ಹಳೆಯ ವಸ್ತುಗಳ ಕಾಲ ತಿಳಿಸುವ ಕಾರ್ಬನ್ ಪರೀಕ್ಷೆ ಆಗಿನ್ನೂ ಬಂದಿರಲಿಲ್ಲ. ಮುಂದೆ ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ ಕಬ್ಬಿಣದ ಬಳಕೆ ಕ್ರಿ.ಪೂ. 1000ದಷ್ಟು ಹಿಂದಕ್ಕೆ ಹೋದಾಗ ಆ ಲೆಕ್ಕ ಸಡಿಲವಾಯಿತು. ಅಶೋಕನ ಲಿಪಿಕಾರ ಚಪಡ ಬಂಡೆಯ ಮುಂದೆ ಕುಳಿತಾಗಲೇ ಈ ಬಯಲಿನ ಕೆಲವು ಗೋರಿಗಳು ಯಾರದೆಂದು ಯಾರಿಗೂ ನೆನಪಿಲ್ಲದಷ್ಟು ಹಳೆಯವಾಗಿದ್ದಿರಬೇಕು.

ಶಾಸನಕ್ಕೆ ಮನೆಯಂಥ ಮಾಡು ಕಟ್ಟಿದ್ದಾರೆ. ಗೋರಿಗೆ ಜಾಲಿಯ ನೆರಳು.

“ಏನಾದರೂ ಸಿಕ್ಕಿತೇ ಸಾರ್?” ಎಂದ ಅಜ್ಜ.

“ಇದ್ದದ್ದನ್ನೆಲ್ಲ ಆಗಲೇ ತೆಗೆದುಕೊಂಡು ಹೋಗಿದ್ದಾರಜ್ಜಾ.”

“ನಮ್ಮಪ್ಪನೂ ಹಾಗೇ ಅನ್ನುತ್ತಿದ್ದ” ಎಂದು ಅವನು ಕುರಿಗಳನ್ನು ಕಲ್ಲಿನ ದುಂಡಿನೊಳಗಿಂದಲೇ ಹೊಡೆದುಕೊಂಡು ಹೋದ.