ನಡುವಿನ ಮನೆಯಲ್ಲಿ ಐದೇ ಏಕೆ?

ಈ ವಾರ ಅಕ್ಕನ ಮಗಳ ಕಿರುಪರೀಕ್ಷೆಯ ಉತ್ತರಪತ್ರಿಕೆಯನ್ನು ನೋಡಿದಂದಿನಿಂದ ಒಂದು ಮಾತು ನನ್ನ ತಲೆಯಲ್ಲಿ ಕೊರೆಯುತ್ತಲೇ ಇದೆ. 3ರಿಂದ 11ರವರೆಗಿನ ಸಂಖ್ಯೆಗಳಿಂದ ಅಡ್ಡ, ಉದ್ದ, ಓರೆ ಎತ್ತ ಕೂಡಿಸಿದರೂ ಒಂದೇ ಮೊತ್ತ ಬರುವ ಒಂಬತ್ತು ಮನೆಗಳ ಮಾಯಾಚೌಕವನ್ನು ತುಂಬಬೇಕಿದ್ದ ಪ್ರಶ್ನೆಗೆ ಅವಳು ನಡುವಿನ ಮನೆಯಲ್ಲಿ 5 ಬರೆದು, ಮುಂದೆ ಸಾಲುಗಳು ಹೊಂದದೆ ಅಲ್ಲಿಗೇ ಕೈಬಿಟ್ಟಿದ್ದಳು. ಐದನ್ನೇ ಏಕೆ ಹಾಕಿದೆ ಎಂದು ಕೇಳಿದೆ. "ಟ್ಯೂಷನ್ ಮಿಸ್ ಹೇಳಿದ್ದು ಚಿಕ್ಕಮ್ಮ, ನಡುವೆ ಐದು, ಮೂಲೆಗಳಿಗೆ ಸಮಸಂಖ್ಯೆ. ಯಾಕೆ ಮಿಸ್ ಅಂದಿದ್ದಕ್ಕೆ, ಅದು ನಿಯಮ, ಬರ್ಕೋ ಅಂದ್ರು."

ಅದು ನಿಯಮ, ಬರ್ಕೋ. ಆ ಶಿಕ್ಷಕಿಯನ್ನು ನಾನು ಬಲ್ಲೆ. ಕೆಟ್ಟವರಲ್ಲ, ಮಕ್ಕಳ ಮೇಲೆ ಕೈ ಮಾಡುವವರೂ ಅಲ್ಲ. ಆದರೆ ಮಗುವಿನ 'ಯಾಕೆ' ಎಂಬ ಪ್ರಶ್ನೆಯನ್ನು ಸಮಯ ತಿನ್ನುವ ಕಾಟವೆಂದು ಭಾವಿಸುವ ಅಭ್ಯಾಸ ಅವರಿಗಿದೆ, ಮತ್ತು ಅಂಥವರನ್ನೇ ನಾವು 'ಚೆನ್ನಾಗಿ ಪೋರ್ಷನ್ ಮುಗಿಸುತ್ತಾರೆ' ಎಂದು ಹೊಗಳಿ ಮಕ್ಕಳನ್ನು ಅವರ ಬಳಿಗೆ ಕಳಿಸುತ್ತೇವೆ.

ಕಾರಣವನ್ನು ಹೇಳಲು ಅಷ್ಟೇನೂ ಹೊತ್ತು ಹಿಡಿಯುವುದಿಲ್ಲ. 1ರಿಂದ 9ರವರೆಗಿನ ಸಂಖ್ಯೆಗಳ ಮೊತ್ತ 45; ಮೂರು ಅಡ್ಡಸಾಲುಗಳಿಗೂ ಸಮನಾಗಿ ಹಂಚಿದರೆ ಒಂದೊಂದಕ್ಕೆ 15. ಈಗ ನಡುವಿನ ಮನೆಯ ಮೂಲಕ ಹಾದುಹೋಗುವ ಸಾಲುಗಳನ್ನಷ್ಟೇ ನೋಡಿದರೆ ಒಂದು ಅಡ್ಡ, ಒಂದು ಉದ್ದ, ಎರಡು ಓರೆ, ಒಟ್ಟು ನಾಲ್ಕು. ಅವುಗಳ ಮೊತ್ತ 60. ಈ ನಾಲ್ಕರಲ್ಲಿ ಹೊರಗಿನ ಪ್ರತಿ ಮನೆಯೂ ಒಂದೊಂದು ಸಲ ಬಂದರೆ ನಡುವಿನ ಮನೆ ನಾಲ್ಕು ಸಲ ಬರುತ್ತದೆ, ಅಂದರೆ ಚೌಕದ ಒಟ್ಟು ಮೊತ್ತವಾದ 45ರ ಮೇಲೆ ಹೆಚ್ಚಾಗಿ ಬಂದಿರುವ 15 ನಡುವಿನ ಸಂಖ್ಯೆಯ ಮೂರರಷ್ಟು. ಆದ್ದರಿಂದ ಅದು 5. ಮೂಲೆಯ ಮನೆ ಮೂರು ಸಾಲುಗಳಿಗೆ ಸೇರಬೇಕು. 9ರೊಂದಿಗೆ ಕೂಡಿ 15 ಆಗುವ ಜೋಡಿಗಳು 1 ಮತ್ತು 5, 2 ಮತ್ತು 4, ಇವೆರಡೇ ಆದ್ದರಿಂದ 9ಕ್ಕೆ ಮೂಲೆಯಲ್ಲಿ ಜಾಗವಿಲ್ಲ. 1, 3, 7ರ ಗತಿಯೂ ಅದೇ.

ಇದನ್ನೆಲ್ಲ ಕೇಳಿದ ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಪರೀಕ್ಷೇಲಿ ಮೊತ್ತ 63, ಸಾಲಿಗೆ 21, ನಡುವೆ 7 ಬರಬೇಕಿತ್ತು ಅಲ್ವಾ?" ಎಂದಳು. ಹೌದು, ಅಷ್ಟೇ. ಐದು ಎಂಬುದು ನಿಯಮವಾಗಿರಲಿಲ್ಲ, ಒಂದು ನಿರ್ದಿಷ್ಟ ಲೆಕ್ಕದ ಫಲವಾಗಿತ್ತು. ಫಲವನ್ನೇ ನಿಯಮವೆಂದು ಬರೆಸಿದ್ದರಿಂದ ಸಂಖ್ಯೆಗಳು ಬದಲಾದ ಕೂಡಲೇ ಅವಳ ಕೈಯಲ್ಲಿ ಏನೂ ಉಳಿಯಲಿಲ್ಲ.

ಆಗಲೇ ಅವಳಿಗೆ ಅಮ್ಮನ ದೇವರಮನೆಯ ತಾಮ್ರದ ತಗಡು ನೆನಪಾಯಿತು. ಕುಬೇರ ಯಂತ್ರವೆಂದು ಪೂಜಾ ಸಾಮಗ್ರಿಯ ಅಂಗಡಿಗಳಲ್ಲಿ ಮಾರುವ ಆ ತಗಡಿನ ಮೇಲೆ 27, 20, 25. ಕೆಳಗೆ 22, 24, 26. ಅದರ ಕೆಳಗೆ 23, 28, 21 ಎಂದು ಕೊರೆದಿದೆ, ಎತ್ತ ಕೂಡಿಸಿದರೂ 72. ಕುಂಕುಮ ಮೆತ್ತಿಕೊಂಡಿದ್ದ 24ನ್ನು ಬೆರಳಿನಿಂದ ಒರೆಸಿ ನೋಡಿದವಳು ಪ್ರತಿ ಮನೆಯಿಂದಲೂ 19 ಕಳೆದಳು: 8, 1, 6, 3, 5, 7, 4, 9, 2. ಅದೇ ಚೌಕ! ಬೇರೆಯದಾಗಿರಲು ಸಾಧ್ಯವೂ ಇರಲಿಲ್ಲ, ಏಕೆಂದರೆ ತಿರುಗಿಸಿದ ಮತ್ತು ಕನ್ನಡಿಯಲ್ಲಿ ಕಂಡಂತೆ ಮಗುಚಿದ ರೂಪಗಳನ್ನು ಬಿಟ್ಟರೆ 1ರಿಂದ 9ರವರೆಗಿನ ಮಾಯಾಚೌಕ ಇರುವುದು ಒಂದೇ. "ದೇವರ ತಗಡಿನಲ್ಲಿ ಕೂಡೋದು ಕಳೆಯೋದು ಏನ್ರೇ?" ಎಂದು ಅಮ್ಮ ಗೊಣಗಿದರು. ಅಮ್ಮನಿಗೆ ಹೇಳಲು ನನ್ನ ಬಳಿ ಒಳ್ಳೆಯ ಸಾಕ್ಷಿಯೇ ಇತ್ತು: 1356ರಲ್ಲಿ 'ಗಣಿತಕೌಮುದೀ' ಬರೆದ ನಾರಾಯಣ ಪಂಡಿತ ಅದರ ಕೊನೆಯ ಅಧ್ಯಾಯವನ್ನು ಇಂಥ ಚೌಕಗಳಿಗೇ ಮೀಸಲಿಟ್ಟು, ಈ ಗಣಿತ ಯಂತ್ರ ರಚಿಸುವವರಿಗೆ ಬೇಕಾದದ್ದು, ಒಳ್ಳೆಯ ಗಣಕರಿಗೆ ಸಂತೋಷ ಕೊಡುವಂಥದ್ದು, ಕೆಟ್ಟ ಗಣಕರ ಗರ್ವ ಇಳಿಸುವಂಥದ್ದು ಎಂದಿದ್ದಾನೆ. ಕೊನೆಯ ಮಾತು ಬಂದಾಗ ಹುಡುಗಿ ನನ್ನ ಮುಖ ನೋಡಿ ನಕ್ಕಳು. ಯಾರನ್ನು ನೆನೆದು ನಕ್ಕಳೆಂದು ನಾನು ಕೇಳಲಿಲ್ಲ.

ಮರುದಿನ ಅವಳೇ ಹದಿನಾರು ಮನೆಗಳ ಚೌಕವನ್ನು ಎಳೆದುಕೊಂಡು ಬಂದು, ಇದರಲ್ಲಿ ನಡುವಿನ ಮನೆಯೇ ಇಲ್ಲವಲ್ಲ ಎಂದು ತಕರಾರು ತೆಗೆದಳು. ಇಲ್ಲಿ ಉತ್ತರಗಳು ಒಂದಲ್ಲ, ತಿರುಗಿಸಿದ್ದು ಮಗುಚಿದ್ದು ಬಿಟ್ಟೂ 880 ಇವೆ. ಫ್ರಾನ್ಸಿನ ಗಣಿತಜ್ಞ ಫ್ರೆನಿಕ್ಲ್ ಹದಿನೇಳನೆಯ ಶತಮಾನದಲ್ಲೇ ಅವನ್ನು ಎಣಿಸಿದ್ದ. ಆದರೂ ಹಿಂದಿನ ಉಪಾಯ ಇಲ್ಲಿಯೂ ನಡೆಯುತ್ತದೆ. 1ರಿಂದ 16ರವರೆಗಿನ ಸಂಖ್ಯೆಗಳ ಮೊತ್ತ 136; ನಾಲ್ಕು ಅಡ್ಡಸಾಲುಗಳಿಗೆ ಹಂಚಿದರೆ ಒಂದೊಂದಕ್ಕೆ 34. ಎರಡು ಓರೆ, ನಡುವಿನ ಎರಡು ಅಡ್ಡ, ಎರಡು ಉದ್ದ ಸಾಲುಗಳನ್ನು ಕೂಡಿಸಿದರೆ ಆರು ಸಲ 34, ಅಂದರೆ 204; ಅದರಲ್ಲಿ ಎಲ್ಲ ಮನೆಗಳೂ ಒಂದೊಂದು ಸಲ ಬಂದು 136 ಆಗಿ, ನಡುವಿನ ನಾಲ್ಕು ಮನೆಗಳು ಮಾತ್ರ ಇನ್ನೆರಡು ಸಲ ಬಂದಿರುತ್ತವೆ. ಹಾಗಾಗಿ ಆ ನಾಲ್ಕರ ಮೊತ್ತವೂ 34. ಪರೀಕ್ಷಿಸಲೆಂದು ಖಜುರಾಹೊದ ಪಾರ್ಶ್ವನಾಥ ಬಸದಿಯಲ್ಲಿ ಕೆತ್ತಿರುವ ಚೌಕವನ್ನು ಬರೆದುಕೊಟ್ಟೆ: 7, 12, 1, 14; 2, 13, 8, 11; 16, 3, 10, 5; 9, 6, 15, 4. ನಡುವಿನ 13, 8, 3, 10ನ್ನು ಕೂಡಿಸಿ ತೃಪ್ತಳಾದವಳು ಅಲ್ಲಿಗೆ ಬಿಡಲಿಲ್ಲ. ಮೂಲೆಯ 7, 12, 2, 13 ಕೂಡಿಸಿದಳು, ಪಕ್ಕದ 12, 1, 13, 8 ಕೂಡಿಸಿದಳು, ಎಲ್ಲೆಡೆಯೂ 34 ಬರುವುದನ್ನು ಕಂಡು, ಇದಕ್ಕೂ ಮೊದಲಿನ ಕಾರಣವೇ ಸಾಕೇ, ಇಲ್ಲವೇ ಈ ಚೌಕಕ್ಕಷ್ಟೇ ಸೇರಿದ ಗುಣವೇ ಎಂದು ಕೇಳಿದಳು. ಈ ಚೌಕದ್ದೇ ಗುಣ ಎಂದು ಹೇಳುವ ಮೊದಲು, 880ರಲ್ಲಿ ಆ ಗುಣವಿಲ್ಲದ ಒಂದನ್ನಾದರೂ ಹುಡುಕಿ ತಾ ಎಂದು ಪೆನ್ಸಿಲನ್ನು ಅವಳ ಕೈಗೇ ಕೊಟ್ಟೆ.