ಆಟಿಯ ಮಳೆಯಲ್ಲಿ ಜೆಲಟಿನ್ ಗುಳ್ಳೆ

ಮಂಗಳೂರಿನಲ್ಲಿ ಆಟಿ ತಿಂಗಳೆಂದರೆ ಒಗೆದ ಬಟ್ಟೆಯೂ ಒಣಗದ ಕಾಲ. ತಮ್ಮನ ಮಗಳ ಹುಟ್ಟುಹಬ್ಬ ಬರುವುದು ಸರಿಯಾಗಿ ಆಗಲೇ. ಈ ಸಲ ಅವಳಿಗೆ ಕಡಲಿನ ಕೇಕ್ ಬೇಕಿತ್ತು. ಮೀನು, ಚಿಪ್ಪು, ಅಲೆ ಎಲ್ಲ ಹೇಳಿ ಮುಗಿಸಿ, "ಮಾಮಿ, ಮೀನು ಬಾಯಿಂದ ಬಿಡುತ್ತದಲ್ಲ, ಆ ಗುಳ್ಳೆನೂ ಬೇಕು. ಅದನ್ನೂ ತಿನ್ನಲಿಕ್ಕೆ ಆಗ್ಬೇಕು" ಅಂದಳು.

ಆ ಕೊನೆಯ ಮಾತು ನನಗೆ ಬಹಳ ಹಿಡಿಸಿತು. ಈಗ ಎಷ್ಟೋ ಕೇಕ್‌ಗಳ ಮೇಲೆ ಪ್ಲಾಸ್ಟಿಕ್ ಚೆಂಡು, ಕಾಗದದ ಚಿಟ್ಟೆ, ತಂತಿಯ ಹೂವು ಇರುತ್ತವೆ. ಮಕ್ಕಳು ಬಾಯಿಗೆ ಹಾಕುವುದೂ, ಅಮ್ಮಂದಿರು ಓಡಿ ಬಂದು ಕಿತ್ತುಕೊಳ್ಳುವುದೂ ನಡೆದೇ ಇರುತ್ತದೆ. ಕೇಕ್ ಮೇಲೆ ಇಟ್ಟದ್ದೆಲ್ಲ ತಿನ್ನುವಂತಿರಬೇಕು ಅನ್ನುವುದು ನನ್ನ ಹಟ. ಹಾಗಾಗಿ ಜೆಲಟಿನ್ ಗುಳ್ಳೆಗೆ ಕೈ ಹಾಕಿದೆ.

ಗುಳ್ಳೆ ಮಾಡುವುದು ಬಲೂನಿನಿಂದ. ಹೋಳಿ ಹಬ್ಬಕ್ಕೆ ನೀರು ತುಂಬಿ ಎಸೆಯುವ ಸಣ್ಣ ಬಲೂನು ಸಾಕು. ಸೋಪು ನೀರಲ್ಲಿ ಚೆನ್ನಾಗಿ ತೊಳೆದು, ಒರೆಸಿ, ನಿಂಬೆಹಣ್ಣಿನ ಗಾತ್ರಕ್ಕೆ ಊದಿ, ಗಂಟು ಹಾಕಿ, ಗಂಟಿನ ಹತ್ತಿರ ಒಂದು ಕಡ್ಡಿ ಕಟ್ಟಬೇಕು. ಮೇಲೆ ವನಸ್ಪತಿಯನ್ನು ಬೆರಳಲ್ಲಿ ತೆಳ್ಳಗೆ ಸವರಬೇಕು. ಇದು ಜಾಸ್ತಿಯಾದರೆ ಜೆಲಟಿನ್ ಜಾರಿ ಇಳಿಯುತ್ತದೆ, ಕಮ್ಮಿಯಾದರೆ ಆಮೇಲೆ ಬಲೂನು ಬಿಟ್ಟು ಬರುವುದಿಲ್ಲ.

ಜೆಲಟಿನ್ ಪುಡಿ 1 ಚಮಚ ಇದ್ದರೆ ತಣ್ಣೀರು 3 ಚಮಚ. ನೀರಿನ ಮೇಲೆ ಪುಡಿ ಉದುರಿಸಿ 10 ನಿಮಿಷ ಸುಮ್ನೆ ಬಿಟ್ಟರೆ ಅದು ನೀರು ಕುಡಿದು ಉಬ್ಬುತ್ತದೆ. ಆಮೇಲೆ ಬಟ್ಟಲನ್ನು ಬಿಸಿ ನೀರಿನ ಪಾತ್ರೆಯೊಳಗೆ ಇಟ್ಟು ಕರಗಿಸುವುದು. ಕುದಿಸಬಾರದು, ಕುದಿಸಿದರೆ ಅದರ ಹಿಡಿತ ಕಮ್ಮಿಯಾಗುತ್ತದೆ. ಕರಗಿದ ಮೇಲೆ ಬಿಳಿ ನೊರೆ ತೇಲಿ ಬರುತ್ತದೆ. ಗುಳ್ಳೆ ಗಾಜಿನಂತೆ ಕಾಣಬೇಕಾದರೆ ಆ ನೊರೆಯನ್ನು ಚಮಚದಲ್ಲಿ ಪೂರ್ತಿ ತೆಗೆಯಲೇಬೇಕು. ನಾನು ಒಂದು ಹನಿ ನೀಲಿ ಬಣ್ಣ, ಚಿಟಿಕೆ ಮುತ್ತಿನ ಹೊಳಪಿನ ಪುಡಿ ಹಾಕಿದೆ. ಈ ಹೊಳಪಿನ ಪುಡಿ ಕೊಳ್ಳುವಾಗ ದಯವಿಟ್ಟು ಡಬ್ಬಿ ಓದಿ. 'ನಾನ್ ಟಾಕ್ಸಿಕ್' ಎಂದು ಮಾತ್ರ ಬರೆದಿದ್ದರೆ ಅದು ಅಲಂಕಾರಕ್ಕಷ್ಟೇ, ಹೊಟ್ಟೆಗಲ್ಲ. 'ಎಡಿಬಲ್' ಎಂದು ಇರಬೇಕು, ಒಳಗೆ ಏನೇನು ಹಾಕಿದ್ದಾರೆ ಅನ್ನುವ ಪಟ್ಟಿಯೂ ಇರಬೇಕು.

ಹಾಗೆ ಡಬ್ಬಿ ಓದುವ ಅಭ್ಯಾಸದಿಂದಲೇ ಜೆಲಟಿನ್ ಪೊಟ್ಟಣವನ್ನೂ ತಿರುಗಿಸಿ ನೋಡಿದೆ. ಕಂದು ಚೌಕದೊಳಗೆ ಕಂದು ತ್ರಿಕೋನ. ಅಂದರೆ ಮಾಂಸಾಹಾರ. ಜೆಲಟಿನ್ ಬರುವುದು ಪ್ರಾಣಿಗಳ ಮೂಳೆ, ಚರ್ಮದಿಂದ. ದನ, ಎಮ್ಮೆ, ಹಂದಿ, ಕೆಲವೊಮ್ಮೆ ಮೀನು. ನನ್ನ ಪೊಟ್ಟಣದ ಮೇಲೆ ಯಾವ ಪ್ರಾಣಿ ಎಂದು ಇರಲಿಲ್ಲ. ನಮ್ಮದು ದಿನಾ ಮೀನು ಬೇಯುವ ಮನೆ, ಆದರೆ ಹುಟ್ಟುಹಬ್ಬಕ್ಕೆ ಬರುವ ಮಕ್ಕಳೆಲ್ಲರ ಮನೆ ಹಾಗಲ್ಲವಲ್ಲ.

ಎಲ್ಲ ಅಮ್ಮಂದಿರಿಗೂ ಫೋನು ಮಾಡಿದೆ. "ಜೆಲಟಿನ್ ಅಂದ್ರೆ ಜೆಲ್ಲಿ ಅಲ್ವಾ ಅಕ್ಕ?" ಅಂತ ಒಬ್ಬರು ಕೇಳಿದರು. ಹೇಗೆ ಮಾಡುತ್ತಾರೆಂದು ವಿವರಿಸಿದ ಮೇಲೆ, "ಅಯ್ಯೋ, ನಮ್ಮಲ್ಲಿ ಆಗುವುದಿಲ್ಲ. ನೀವು ಹೇಳಿದ್ದು ಒಳ್ಳೇದಾಯ್ತು" ಅಂದರು. ಇನ್ನೊಬ್ಬರದು ಮುಸ್ಲಿಂ ಮನೆ. "ಯಾವುದರದ್ದು ಅಂತ ಗೊತ್ತಿಲ್ಲದಿದ್ರೆ ಬೇಡ ಅಕ್ಕ. ಚೈನಾ ಗ್ರಾಸ್ ಆದ್ರೆ ಏನೂ ತೊಂದರೆ ಇಲ್ಲ, ರಂಜಾನಿಗೆ ನಾವೇ ಪುಡ್ಡಿಂಗ್ ಮಾಡ್ತೇವಲ್ಲ" ಎಂದು ಅವರೇ ದಾರಿ ತೋರಿಸಿದರು. ಈ ಫೋನು ಮಾಡದೆ ಕೇಕ್ ಕೊಡುವುದು ತಪ್ಪು ಅನ್ನುವುದರಲ್ಲಿ ನನಗೆ ಸಂಶಯವೇ ಇಲ್ಲ. ಮನೆಯಲ್ಲಿ ಕೇಕ್ ಮಾಡಿ ಮಾರುವವರಂತೂ ಕೇಳುವ ಮೊದಲೇ ಹೇಳಬೇಕು.

ಚೈನಾ ಗ್ರಾಸ್, ಅಂದರೆ ಅಗರ್ ಅಗರ್, ಕಡಲಿನ ಕೆಂಪು ಪಾಚಿಯಿಂದ ಬರುವಂಥದ್ದು. ಜೆಲಟಿನ್‌ನಂತೆ ಬೆಚ್ಚಗೆ ಮಾಡಿದರೆ ಕರಗುವುದಿಲ್ಲ, ಕುದಿಸಬೇಕು. ಗಟ್ಟಿಯಾಗಲು ಫ್ರಿಜ್ ಬೇಡ, ಹೊರಗೇ ಆಗುತ್ತದೆ. ಒಮ್ಮೆ ಗಟ್ಟಿಯಾದರೆ ನಮ್ಮ ಸೆಕೆಗೆಲ್ಲ ಜಗ್ಗುವುದಿಲ್ಲ. ಈ ಗುಣವನ್ನು ಪ್ರಯೋಗಾಲಯಕ್ಕೆ ತಲುಪಿಸಿದವರೂ ಅಡುಗೆ ಗೊತ್ತಿದ್ದ ಒಬ್ಬ ಹೆಂಗಸೇ. 1881ರಲ್ಲಿ ಜರ್ಮನಿಯ ವಾಲ್ಟರ್ ಹೆಸ್ಸೆ ಸೂಕ್ಷ್ಮಜೀವಿ ಬೆಳೆಸಲು ಜೆಲಟಿನ್ ಬಳಸುತ್ತಿದ್ದರು. ಬೇಸಿಗೆಯಲ್ಲಿ ಅದು ಕರಗಿ ನೀರಾಗುತ್ತಿತ್ತು. ಹೆಂಡತಿ ಫ್ಯಾನಿ ಹೆಸ್ಸೆ ತಾವು ಜೆಲ್ಲಿ, ಪುಡ್ಡಿಂಗ್‌ಗೆ ಹಾಕುತ್ತಿದ್ದ ಅಗರ್ ಬಳಸಿ ನೋಡಿ ಎಂದರು. ಅವರಿಗೆ ಅದು ಗೊತ್ತಾದದ್ದು ಜಾವಾದಲ್ಲಿ ಇದ್ದು ಬಂದ ಪರಿಚಯದವರಿಂದ. ಇಂದಿಗೂ ಲ್ಯಾಬುಗಳಲ್ಲಿ ಅಗರ್ ತಟ್ಟೆಯೇ ನಡೆಯುತ್ತಿದೆ.

ಹಾಗಾಗಿ ಎರಡು ಕೇಕ್ ಎಂದು ತೀರ್ಮಾನವಾಯಿತು. ಮಕ್ಕಳ ದೊಡ್ಡ ಕೇಕ್‌ಗೆ ಅಗರ್ ಅಲೆ, ಮನೆಯವರ ಸಣ್ಣ ಕೇಕ್‌ಗೆ ಜೆಲಟಿನ್ ಗುಳ್ಳೆ.

ಅಲೆ ಸುಲಭ. ಅಲ್ಯೂಮಿನಿಯಂ ಫಾಯಿಲ್ ಮುದ್ದೆ ಮಾಡಿ, ಮತ್ತೆ ಬಿಡಿಸಿ, ತಟ್ಟೆಗೆ ಹಾಸಿದೆ. ಸಕ್ಕರೆ, ನೀಲಿ ಬಣ್ಣ ಹಾಕಿ ಕುದಿಸಿದ ಅಗರ್ ಅನ್ನು ಅದರ ಮೇಲೆ ಹೊಯ್ದು, ಗಟ್ಟಿಯಾದ ಮೇಲೆ ಕವುಚಿದರೆ ಫಾಯಿಲಿನ ಸುಕ್ಕೆಲ್ಲ ತೆರೆಯಾಗಿ ಮೂಡಿತ್ತು. ಉದ್ದಕ್ಕೆ ಕೊಯ್ದು ಕೇಕ್ ಬುಡಕ್ಕೆ ಸುತ್ತಿದ್ದೇ.

ಕಷ್ಟ ಕೊಟ್ಟದ್ದು ಗುಳ್ಳೆ. ಅದ್ದುವುದು ಕಷ್ಟವಲ್ಲ. ಬಲೂನನ್ನು ಮುಕ್ಕಾಲು ಭಾಗ ಅದ್ದಿ, ನಿಧಾನಕ್ಕೆ ತಿರುಗಿಸಿ, ಕೆಳಗೆ ನಿಲ್ಲುವ ಹನಿಯನ್ನು ಬಟ್ಟಲಿನ ಅಂಚಿಗೆ ತಾಗಿಸಿ ತೆಗೆದು, ಕಡ್ಡಿಯನ್ನು ಥರ್ಮಾಕೋಲಿಗೆ ಚುಚ್ಚುವುದು. ಅಂಟಂಟು ಆದ ಮೇಲೆ ಇನ್ನೊಂದು ಸಲ ಅದ್ದುವುದು. ಆದರೆ ಒಣಗಬೇಕಲ್ಲ! ಹೊರಗೆ ಧೋ ಮಳೆ, ಒಳಗೆ ಗೋಡೆಯೇ ಬೆವರುತ್ತಿದೆ. ಬಿಸಿ ಕೊಟ್ಟು ಒಣಗಿಸೋಣ ಎಂದರೆ ಜೆಲಟಿನ್ ಕರಗುವುದೇ ನಮ್ಮ ಮೈ ಬಿಸಿಯ ಹತ್ತಿರ. ಅದಕ್ಕೆ ಬೇಕಾದ್ದು ಒಣ ಗಾಳಿ, ಶಾಖ ಅಲ್ಲ. ಕೊನೆಗೆ ಮಲಗುವ ಕೋಣೆಯ ಎಸಿಯನ್ನು ಡ್ರೈ ಮೋಡಿಗೆ ಹಾಕಿ, ಥರ್ಮಾಕೋಲನ್ನು ಅಲ್ಲೇ ಮೇಜಿನ ಮೇಲಿಟ್ಟೆ. ರಾತ್ರಿಯಿಡೀ ಬಾಗಿಲು ತೆರೆಯಬಾರದು ಎಂದು ಎಲ್ಲರಿಗೂ ಹೇಳಿಬಿಟ್ಟೆ.

ಬೆಳಿಗ್ಗೆ ಉಗುರಿನಿಂದ ತಟ್ಟಿದರೆ ಟಕ್ ಟಕ್ ಶಬ್ದ. ಬಲೂನಿನ ಗಂಟಿನ ಕೆಳಗೆ ಬಿಗಿಯಾಗಿ ಹಿಡಿದು, ಕತ್ತರಿಯಿಂದ ಸಣ್ಣ ತೂತು ಮಾಡಿ, ಗಾಳಿ ಸ್ವಲ್ಪ ಸ್ವಲ್ಪವೇ ಬಿಟ್ಟೆ. ಒಮ್ಮೆಲೇ ಬಿಟ್ಟರೆ ಬಲೂನು ತನ್ನ ಜೊತೆ ಗುಳ್ಳೆಯನ್ನೂ ಒಳಗೆಳೆದು ಮುರಿಯುತ್ತದೆ. ಒಳಗಿನಿಂದ ಚರಚರ ಎನ್ನುತ್ತಾ ರಬ್ಬರು ಬಿಟ್ಟುಕೊಂಡು ಬಂತು. ಕೈಯಲ್ಲಿ ಉಳಿದದ್ದು ತೂಕವೇ ಇಲ್ಲದ ನೀಲಿ ಗುಳ್ಳೆ. ಬೆಳಕಿಗೆ ಹಿಡಿದರೆ ಮುತ್ತಿನ ಹೊಳಪು ಓಡಾಡುತ್ತಿತ್ತು. ರಬ್ಬರಿನ ಚೂರು ಒಳಗೆ ಉಳಿದಿಲ್ಲವೆಂದು ಒಂದೊಂದನ್ನೂ ನೋಡಿ, ಬಾಯಿಯ ಅಂಚನ್ನು ಕತ್ತರಿಸಿ ಡಬ್ಬಿಗೆ ತುಂಬಿದೆ.

ಕೇಕ್ ಮೇಲೆ ಅವನ್ನು ಕೂರಿಸಿದ್ದು ಮೇಣದಬತ್ತಿ ಹಚ್ಚುವ ಮುಂಚೆ ಮಾತ್ರ. ಹಸಿ ಕ್ರೀಮಿಗೆ ನೇರ ತಾಗಿದರೆ ಗುಳ್ಳೆ ಮೆತ್ತಗಾಗಿ ಕುಸಿಯುತ್ತದೆ, ಅದಕ್ಕೆ ಅಡಿಯಲ್ಲಿ ಚಾಕೊಲೇಟಿನ ತೆಳು ಬಿಲ್ಲೆ ಇಟ್ಟೆ. ತಮ್ಮನ ಮಗಳು ಒಂದನ್ನು ಕಚ್ಚಿದಳು. ಮೊದಲು ಹಪ್ಪಳದಂತೆ ಮುರಿಯಿತು, ಆಮೇಲೆ ಬಾಯಲ್ಲಿ ಮೆತ್ತಗಾಯಿತು. "ರುಚಿಯೇ ಇಲ್ಲ ಮಾಮಿ!" ಎನ್ನುತ್ತಲೇ ಇನ್ನೊಂದಕ್ಕೆ ಕೈ ಹಾಕಿದಳು. ಆ ಮಾತು ನಿಜ. ಮುಂದಿನ ಸಲ ನೀರಿಗೆ ಸ್ವಲ್ಪ ಸಕ್ಕರೆ, ಎರಡು ಹನಿ ನಿಂಬೆ ಎಸೆನ್ಸ್ ಸೇರಿಸುತ್ತೇನೆ.

ಉಳಿದ ಮಕ್ಕಳು ಅಲೆಯನ್ನೆಲ್ಲ ಕೈಯಲ್ಲೇ ಕಿತ್ತು ತಿಂದರು. ಫೋನಿನಲ್ಲಿ 'ಆಗುವುದಿಲ್ಲ' ಎಂದಿದ್ದ ಆ ಅಮ್ಮ ಹೊರಡುವಾಗ, ಡಿಸೆಂಬರಿನಲ್ಲಿ ತಮ್ಮ ಮಗನ ಹುಟ್ಟುಹಬ್ಬಕ್ಕೂ ಇಂಥದ್ದೇ ಏನಾದರೂ ಮಾಡಿಕೊಡ್ತೀರಾ ಎಂದು ಕೇಳಿದರು. ಅಗರ್ ಒಣಗಿದರೆ ಮುದುಡುತ್ತದೆ, ಗುಳ್ಳೆಗೆ ಆಗದು. ವಿಯೆಟ್ನಾಂನವರ ಅಕ್ಕಿ ಹಾಳೆಯನ್ನು ಬಣ್ಣದ ನೀರಲ್ಲಿ ನೆನೆಸಿ, ಬೇಕಾದಂತೆ ಮಡಚಿ ಒಣಗಿಸಿದರೆ ಹಾಯಿಯ ಹಾಗೆ ನಿಲ್ಲುತ್ತದೆ. ಅವನಿಗೆ ಹಡಗಿನ ಕೇಕ್ ಎಂದು ಮಾತಾಗಿದೆ. ಡಿಸೆಂಬರಿನಲ್ಲಿ ಎಸಿಯೂ ಬೇಕಾಗಲಿಕ್ಕಿಲ್ಲ.