ನೇರಳೆ ಹೂವಿನ ಕಾಟ

ಹಲಸೂರು ಕೆರೆ ದಡದಲ್ಲಿ ಒಮ್ಮೆ ನೇರಳೆ ಹೂವು ನೋಡಿ ಫೋಟೋ ತೆಗೆದಿದ್ದೆ. ಚೆಂದ ಇತ್ತು. ಅದು ವಾಟರ್ ಹಯಸಿಂತ್ ಅಂತ ಆಮೇಲೆ ಗೊತ್ತಾಯಿತು. ನೀರಿನ ಮೇಲೆ ತೇಲಿ ಬೆಳೆಯುವ, ದಕ್ಷಿಣ ಅಮೆರಿಕದ ಗಿಡ. ಹವೆ ಹೊಂದಿಕೊಂಡರೆ ಎರಡೇ ವಾರದಲ್ಲಿ ದುಪ್ಪಟ್ಟಾಗಿ, ದೋಣಿಗೆ ಹುಟ್ಟು ಹಾಕಲೂ ಜಾಗ ಬಿಡುವುದಿಲ್ಲ. ಬಿಸಿಲು ಕೆಳಗಿಳಿಯುವುದಿಲ್ಲ, ಆಮ್ಲಜನಕ ಕಮ್ಮಿಯಾಗಿ ಮೀನು ಸಾಯುತ್ತವೆ.

ಯಂತ್ರ ತಂದು ಕೀಳುತ್ತಾರೆ, ಸರಿ. ಆದರೆ ಕಿತ್ತದ್ದನ್ನು ದಡದಲ್ಲೇ ರಾಶಿ ಹಾಕಿದರೆ? ಅಲ್ಲೇ ಕೊಳೆತು, ಮಳೆ ಬಂದಾಗ ಅದರ ಸಾರವೆಲ್ಲ ವಾಪಸ್ ಕೆರೆಗೇ. ಗಿಡದಲ್ಲಿ ನೂರಕ್ಕೆ 90ರಷ್ಟು ನೀರೇ ಇರುವುದರಿಂದ ಹಸಿಯಾಗಿ ಲಾರಿಗೆ ತುಂಬುವುದೂ ಅಂದ್ರೆ ದುಡ್ಡು ಕೊಟ್ಟು ಸುಮ್ನೆ ನೀರು ಸಾಗಿಸಿದ ಹಾಗೆ, ಅದಕ್ಕೇ ನೀರಿನಿಂದ ದೂರ ಒಣಗಿಸಿ ಗೊಬ್ಬರಕ್ಕೆ ಕಳಿಸುವುದು ವಾಸಿ. ಇಷ್ಟೆಲ್ಲ ಮಾಡಿದರೂ ಬೀಜ ಕೆಸರಲ್ಲಿ ವರ್ಷಗಟ್ಟಲೆ ಬದುಕಿರುತ್ತದೆ!

1980ರ ದಶಕದಲ್ಲಿ ಬೆಂಗಳೂರಿನ ಕೆರೆಗಳಿಗೆ ಇದನ್ನೇ ತಿನ್ನುವ ಪುಟ್ಟ ಸೊಂಡಿಲು ಹುಳು ಬಿಟ್ಟಿದ್ದರು. ಅವು ಚೆನ್ನಾಗಿಯೇ ತಿಂದವು. ಆದರೆ ಕೊಳಚೆ ನೀರು ಹರಿದು ಬರುತ್ತಲೇ ಇದ್ದರೆ ಗಿಡಕ್ಕೆ ದಿನಾ ಹಬ್ಬದೂಟ ಅಲ್ವಾ, ಹುಳ ಎಷ್ಟಂತ ತಿನ್ನುತ್ತದೆ? ನನ್ನ ಪ್ರಕಾರ ಮೊದಲು ಮೋರಿ ತಿರುಗಿಸಬೇಕು, ಯಂತ್ರ ಆಮೇಲೆ.

ಆ ಫೋಟೋ ಇನ್ನೂ ಫೋನಲ್ಲಿದೆ. ಅಳಿಸಲು ಮನಸ್ಸಾಗಿಲ್ಲ.